ಆಫೀಸು ಊರ ನಡುವೆ ಬಂತು, ಚೀಟಿ ಜೇಬಿಗೆ ಬಂತು

(ಆಪ್ತಸಲಹೆ ಪ್ರಕರಣ. ಬಂದವರ ಒಪ್ಪಿಗೆ ಪಡೆದು ಬರೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

"ಮೇಡಂ, ಇದನ್ನ ಕಷ್ಟ ಅಂತ ಹೇಳ್ಕೊಳ್ಳೋಕೇ ನಾಚಿಕೆ ಆಗುತ್ತೆ." ಕುರ್ಚಿಯಲ್ಲಿ ಕೂತವರು ಹೇಳಿದ ಮೊದಲ ಮಾತು ಇದು. ವಯಸ್ಸು ನಲವತ್ತು ದಾಟಿದೆ. ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ನಾಲ್ಕು ತಿಂಗಳ ಹಿಂದೆ ಅವರ ಆಫೀಸು ಊರಾಚೆಯ ಕ್ಯಾಂಪಸ್ಸಿನಿಂದ ಊರಿನ ನಟ್ಟನಡುವಿಗೆ ಬಂದಿದೆ. ಒಂದು ಕಡೆಗೆ ಎಪ್ಪತ್ತು ನಿಮಿಷ ಹಿಡಿಯುತ್ತಿದ್ದ ಪ್ರಯಾಣ ಮೂವತ್ತೈದಕ್ಕೆ ಇಳಿದಿದೆ. ಸಹೋದ್ಯೋಗಿಗಳೆಲ್ಲ ಖುಷಿಯಾಗಿದ್ದಾರೆ. ಇವರಿಗೆ ಮಾತ್ರ ರಾತ್ರಿ ನಿದ್ದೆ ಸರಿಯಿಲ್ಲ, ಸಣ್ಣ ಮಾತಿಗೂ ಸಿಡುಕು. ಊರಾಚೆ ಇರುವ ಇನ್ನೊಂದು ಕಂಪನಿಗೆ ಗುಟ್ಟಾಗಿ ಅರ್ಜಿ ಬೇರೆ ಹಾಕಿಬಿಟ್ಟಿದ್ದರು.

ಹೊಸ ಜಾಗದಿಂದ ಏನೇನು ಅನುಕೂಲ ಆಗಿದೆ ಅಂತ ಕೇಳಿದೆ. ಪಟಪಟ ಹೇಳಿದರು. ಎಲ್ಲ ದಿಕ್ಕಿನ ಬಸ್ಸು, ರೈಲು ಅಲ್ಲಿಗೇ ಬರುತ್ತವೆ, ಒಂದು ತಪ್ಪಿದರೆ ಇನ್ನೊಂದು. ಹಲ್ಲಿನ ಡಾಕ್ಟರ ಹತ್ತಿರ ಹೋಗೋಕೆ ಮೊದಲು ಅರ್ಧ ದಿನ ರಜೆ ಹಾಕಬೇಕಿತ್ತು, ಈಗ ಊಟದ ಬಿಡುವಿನಲ್ಲೇ ಮುಗಿಯುತ್ತದೆ. ಬ್ಯಾಂಕು, ಸರ್ಕಾರಿ ಕಚೇರಿ, ಅಂಗಡಿ ಎಲ್ಲ ನಡೆದು ಹೋಗುವಷ್ಟು ಹತ್ತಿರ. ತಡವಾಗಿ ಹೊರಟರೂ ಬೀದಿಯಲ್ಲಿ ಜನ ಇರುತ್ತಾರೆ. ಕಾರು ನಿಲ್ಲಿಸೋಕೆ ಜಾಗ ಇಲ್ಲ, ಸದ್ದು ಜಾಸ್ತಿ. ಅದೇನೂ ಅವರಿಗೆ ದೊಡ್ಡದಲ್ಲ.

ಮತ್ತೆ ತೊಂದರೆ ಎಲ್ಲಿ? ಉತ್ತರ ಅವರ ಅಂಗಿಯ ಜೇಬಿನಲ್ಲಿತ್ತು. ಫೋನ್ ತೆಗೆಯುವಾಗ ಜೊತೆಗೇ ಒಂದು ಚೀಟಿ ಹೊರಬಂತು. ನಾಲ್ಕಾಗಿ ಮಡಚಿದ್ದ ಹಾಳೆ, ಅದರಲ್ಲಿ ಮೂರು ಜನರ ಕೈಬರಹ. ಅಮ್ಮನ ಮಾತ್ರೆ. ಮಗಳ ಪ್ರಾಜೆಕ್ಟಿಗೆ ಕಲರ್ ಪ್ರಿಂಟ್. ಅಕ್ಕನ ಕನ್ನಡಕಕ್ಕೆ ಸ್ಕ್ರೂ. ಹೆಂಡತಿಯ ವಾಚಿಗೆ ಸೆಲ್, ಪಕ್ಕದಲ್ಲೇ "ಮರೀಬೇಡಿ" ಅಂತ ಎರಡು ಗೆರೆ ಎಳೆದು ಬರೆದಿದ್ದರು.

"ಹೇಗೂ ಅಲ್ಲೇ ಇರ್ತೀರಲ್ಲ, ಅಂತಾರೆ ಮೇಡಂ. ಅದು ನಿಜಾನೇ. ಹಾಗಾಗಿ ಆಗಲ್ಲ ಅನ್ನೋಕೆ ಬಾಯಿ ಬರಲ್ಲ."

ಎರಡು ವಾರ ಸಮಯದ ಲೆಕ್ಕ ಬರೆದಿಡಲು ಹೇಳಿದೆ. ಲೆಕ್ಕದ ಮನುಷ್ಯ, ಅಚ್ಚುಕಟ್ಟಾಗಿ ಬರೆದು ತಂದರು. ಹತ್ತು ಕೆಲಸದ ದಿನಗಳಲ್ಲಿ ಏಳು ದಿನ ಊಟದ ಬಿಡುವು ಚೀಟಿಗೆ ಹೋಗಿತ್ತು. ನಾಲ್ಕು ದಿನವಂತೂ ಮನೆ ತಲುಪಿದ್ದು ಹಳೆಯ ಕ್ಯಾಂಪಸ್ಸಿನಿಂದ ಬರುತ್ತಿದ್ದುದಕ್ಕಿಂತ ತಡವಾಗಿ. ದಿನಕ್ಕೆ ಎಪ್ಪತ್ತು ನಿಮಿಷ ಉಳಿದಿದೆ, ವಾರಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ.

ಆದರೆ ಬರೀ ಚೀಟಿಯ ಕಾಟ ಅಂದುಕೊಂಡಿದ್ದರೆ ನಾನು ಅರ್ಧವನ್ನೇ ನೋಡಿದಂತಾಗುತ್ತಿತ್ತು. ಹಳೆಯ ಆಫೀಸ್ ಬಸ್ಸಿನ ಬಗ್ಗೆ ಕೇಳಿದಾಗ ಅವರ ದನಿಯೇ ಬೇರೆಯಾಯಿತು. ಎಡಗಡೆ ಮೂರನೇ ಸಾಲು, ಕಿಟಕಿ ಪಕ್ಕ. ಹೋಗುವಾಗ ಕಣ್ಣುಮುಚ್ಚಿ ಹಾಡು ಕೇಳೋದು, ಬರುವಾಗ ಸುಮ್ನೆ ಹೊರಗೆ ನೋಡೋದು. "ಅಲ್ಲಿ ನನ್ನನ್ನ ಯಾರೂ ಏನೂ ಕೇಳ್ತಿರಲಿಲ್ಲ." ಈಗಿನ ರೈಲಿನಲ್ಲಿ ನಿಂತೇ ಹೋಗಬೇಕು, ಒಂದು ಕಡೆ ಇಳಿದು ಬೇರೆ ರೈಲು ಹತ್ತಬೇಕು. ಮೂವತ್ತೈದು ನಿಮಿಷದಲ್ಲಿ ಐದು ನಿಮಿಷವೂ ತನ್ನದಲ್ಲ.

ಪ್ರಯಾಣ ಅಂದರೆ ಬರೀ ನಷ್ಟ ಅಂತಲೇ ಎಲ್ಲರೂ ತಿಳಿದಿರುತ್ತಾರೆ. ಅದಕ್ಕೆ ಆಧಾರವೂ ಇದೆ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರು ದಿನದ ಕೆಲಸಗಳಲ್ಲೆಲ್ಲ ಆಫೀಸಿನ ಪ್ರಯಾಣಕ್ಕೇ ಖುಷಿಯ ಲೆಕ್ಕದಲ್ಲಿ ತೀರಾ ಕಡಿಮೆ ಅಂಕ ಕೊಟ್ಟಿದ್ದರು. ಆದರೆ 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ರೆಡ್‌ಮಂಡ್ ಮತ್ತು ಮೊಖ್ತಾರಿಯನ್ ಎಂಬಿಬ್ಬರು ಸಂಶೋಧಕರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲ ಉದ್ಯೋಗಿಗಳನ್ನು "ಎಷ್ಟು ಹೊತ್ತಿನ ಪ್ರಯಾಣ ನಿಮಗೆ ಇಷ್ಟ?" ಅಂತ ಕೇಳಿದ್ದರು. ಸೊನ್ನೆ ಅಂದವರು ತೀರಾ ಕಡಿಮೆ. ಸರಾಸರಿ ಉತ್ತರ ಸುಮಾರು 16 ನಿಮಿಷ. ಆಫೀಸಿನ ಮನುಷ್ಯ ಮನೆಯ ಮನುಷ್ಯ ಆಗೋಕೆ ಒಂದಿಷ್ಟು ದಾರಿ ಬೇಕು. ಇವರಿಗೆ ಆ ದಾರಿ ತಪ್ಪಿಹೋಗಿತ್ತು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ನಾನು ಸೋಮಾರಿ ಅಲ್ಲ, ಅಲ್ವಾ?" ಅಂದರು.

ಅರ್ಜಿಯ ವಿಷಯದಲ್ಲಿ ನನ್ನ ಸಲಹೆ: ಎರಡು ತಿಂಗಳು ತಡೆಯಿರಿ. ಕಿಟಕಿ ಸೀಟಿಗೋಸ್ಕರ ಕೆಲಸ ಬದಲಿಸಬಾರದು ಅಂತೇನಲ್ಲ. ಬೇಕಾಗಿದ್ದು ಕಿಟಕಿಯೇ ಆಗಿದ್ದರೆ ಅದು ಇಲ್ಲೂ ಸಿಗುತ್ತದಾ ಅಂತ ಮೊದಲು ನೋಡಬೇಕು.

ಚೀಟಿಗೆ ಒಂದು ದಿನ ಗೊತ್ತು ಮಾಡಿದೆವು, ಬುಧವಾರ. ಅವತ್ತು ಏನಿದ್ದರೂ ತರುತ್ತಾರೆ. ಮಾತ್ರೆ ಖಾಲಿಯಾದರೆ ಮಾತ್ರ ಯಾವ ದಿನವಾದರೂ ಸರಿ. "ಆಗಲ್ಲ" ಅನ್ನಬೇಡಿ, "ಬುಧವಾರ ತರ್ತೀನಿ" ಅನ್ನಿ ಅಂದೆ. "ಆಗಲ್ಲ" ಅಂದ ಕೂಡಲೇ ಜಗಳ ಶುರು, "ಬುಧವಾರ" ಅಂದರೆ ಬರೀ ದಿನದ ಮಾತು. ಮೊದಲ ವಾರ ಅಕ್ಕ ಮುನಿಸಿಕೊಂಡರಂತೆ. ಎರಡನೇ ವಾರ ಕನ್ನಡಕದ ಸ್ಕ್ರೂವನ್ನು ತಾವೇ ಹಾಕಿಸಿಕೊಂಡರು. ಅವರ ಮನೆಯಿಂದ ಎರಡನೇ ಬೀದಿಯಲ್ಲೇ ಕನ್ನಡಕದ ಅಂಗಡಿ ಇತ್ತು!

ಇನ್ನೊಂದು, ಉಳಿದ ಎಪ್ಪತ್ತರಲ್ಲಿ ಇಪ್ಪತ್ತು ನಿಮಿಷ ಅವರದ್ದೇ. ಒಂದು ನಿಲ್ದಾಣ ಮೊದಲೇ ಇಳಿದು ನಡೆಯೋದು, ಫೋನ್ ಚೀಲದೊಳಗೆ. "ಮನೇಲಿ ಹೇಳ್ದೇ ಮಾಡಿದ್ರೆ ಆಗಲ್ವಾ?" ಅಂತ ಕೇಳಿದರು. ಬೇಡ ಅಂದೆ. ಕದ್ದು ಮಾಡಿದ ಬಿಡುವಿನಲ್ಲಿ ಗಡಿಯಾರ ನೋಡುತ್ತಲೇ ಇರುತ್ತೀರಿ.

ಆಫೀಸಿನಲ್ಲಿ ಕೇಳಬಹುದಾದ್ದೂ ಇತ್ತು. ಬಸ್ಸು ನಿಲ್ಲಿಸಿದ ಕಂಪನಿ ಅದರ ಬದಲು ಏನೂ ಕೊಟ್ಟಿರಲಿಲ್ಲ. ಜಾಗ ಬದಲಾದಾಗ ಸವಲತ್ತುಗಳನ್ನೂ ಮತ್ತೆ ಕೂತು ಮಾತಾಡಬೇಕು, ಅದು ತಾನಾಗಿ ಆಗೋದಿಲ್ಲ. ಪ್ರಯಾಣದ ಪಾಸಿನ ಖರ್ಚು ಮತ್ತು ಅರ್ಧ ಗಂಟೆ ಬೇಗ ಬಂದು ಬೇಗ ಹೋಗುವ ಅನುಮತಿ, ಎರಡನ್ನೂ ಲಿಖಿತವಾಗಿ ಕೇಳಿದರು. ಪಾಸು ಸಿಗಲಿಲ್ಲ. ಸಮಯ ಸಿಕ್ಕಿತು. ಬೇಗ ಹೊರಟರೆ ರೈಲು ಅಷ್ಟು ತುಂಬಿರುವುದಿಲ್ಲ, ಎಷ್ಟೋ ದಿನ ಕಿಟಕಿ ಪಕ್ಕದ ಸೀಟೇ ಸಿಗುತ್ತದಂತೆ.

ಒಂದು ಸಲಹೆ ಮಾತ್ರ ಪೂರ್ತಿ ಬಿದ್ದುಹೋಯಿತು. ಊರ ನಡುವೆ ಬೇರೆ ಬೇರೆ ಕಂಪನಿಯವರು ಕೈಗೆಟುಕುತ್ತಾರೆ, ವಾರಕ್ಕೊಮ್ಮೆ ಯಾರನ್ನಾದರೂ ಊಟಕ್ಕೆ ಭೇಟಿಯಾಗಿ ಅಂದಿದ್ದೆ. ಹೊಸ ಕೆಲಸದ ಸುದ್ದಿ ದಿನಾ ನೋಡುವ ಗೆಳೆಯರಿಗಿಂತ ಅಪರೂಪಕ್ಕೆ ಸಿಗುವ ಪರಿಚಯದವರಿಂದಲೇ ಹೆಚ್ಚು ಬರುತ್ತದೆ ಅಂತ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲೇ ತೋರಿಸಿದ್ದಾರೆ ಅಂತಲೂ ವಿವರಿಸಿದ್ದೆ. ಅವರು ಒಂದು ಸಲವೂ ಹೋಗಲಿಲ್ಲ. ತಪ್ಪು ನನ್ನದು. ಯಾರ ಜೊತೆಗೂ ಮಾತಾಡದೆ ಸ್ವಲ್ಪ ಹೊತ್ತು ಇರಬೇಕು ಅಂತ ಬಂದವರಿಗೆ ಇನ್ನೊಬ್ಬರನ್ನು ಗಂಟು ಹಾಕಿದ್ದೆ.

ನಾಲ್ಕನೇ ಭೇಟಿಗೆ ಹೆಂಡತಿಯೂ ಬಂದರು. ಎಲ್ಲ ಕೇಳಿಸಿಕೊಂಡು ಗಂಡನ ಕಡೆ ತಿರುಗಿ, "ಸರಿ ರೀ, ನಿಮ್ಮ ಇಪ್ಪತ್ತು ನಿಮಿಷ ನಿಮಗೆ. ನನ್ನ ಇಪ್ಪತ್ತು ನಿಮಿಷ ಎಲ್ಲಿದೆ?" ಅಂದರು. ನಾನೂ ಅದನ್ನು ಯೋಚಿಸಿರಲಿಲ್ಲ. ಆವತ್ತಿನ ಒಂದು ಗಂಟೆ ಪೂರ್ತಿ ಅದಕ್ಕೇ ಹೋಯಿತು.

ಈಗ ಅವರು ನಡೆದುಕೊಂಡೇ ಆರೂವರೆಯೊಳಗೆ ಮನೆ ಸೇರುತ್ತಾರೆ. ಚೀಲ ಇಟ್ಟ ಕೂಡಲೇ ಹೆಂಡತಿ ಚಪ್ಪಲಿ ಮೆಟ್ಟಿ ಹೊರಡುತ್ತಾರೆ, ವಾಪಸ್ ಬರೋದು ಏಳಕ್ಕೆ. ಎಲ್ಲಿಗೆ ಅಂತ ಇವರು ಕೇಳುವ ಹಾಗಿಲ್ಲ, ಅದು ಅವರಿಬ್ಬರ ಒಪ್ಪಂದ. ಬುಧವಾರ ಮಾತ್ರ ಇದು ನಡೆಯುವುದಿಲ್ಲ. ಅವತ್ತು ಚೀಟಿಯ ದಿನ.