ಮಲೆನಾಡಿನ ಹೊಸ ಮನೆಗೆ ಹೆಂಚಿನ ಮಾಡೋ, ತಾರಸಿಯೋ?

ತೀರ್ಥಹಳ್ಳಿ ಕಡೆ ಕಟ್ಟುತ್ತಿರುವ ಮನೆಗೆ ಹೆಂಚು ಹೊದಿಸಬೇಕೇ, ತಾರಸಿ ಹಾಕಿಸಬೇಕೇ ಎಂದು ಕೇಳಿದ್ದೀರಿ. ಮೊದಲು ನೋಡಬೇಕಾದದ್ದು ಮಳೆಯನ್ನು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವುದರಿಂದ ಆ ಭಾಗದಲ್ಲಿ ನೀರು ನಿಲ್ಲದೆ ಜಾರಿಹೋಗುವ ಇಳಿಜಾರಿನ ಮಾಡು ರೂಢಿಗೆ ಬಂದಿತು. ಮಳೆ ಕಡಿಮೆಯಿರುವ ಚಿತ್ರದುರ್ಗ, ಬಳ್ಳಾರಿಯ ಸೀಮೆಯಲ್ಲಿ ಮಟ್ಟಸವಾದ ಮಣ್ಣಿನ ಮಾಳಿಗೆ ಸಾಕಾಯಿತು. ಮಾಳಿಗೆಯ ಮೇಲೆ ಹರಡುವ ಕರಲು ಮಣ್ಣು (ಕ್ಷಾರ ಬೆರೆತ ಜೇಡಿ ಮಣ್ಣು) ಒದ್ದೆಯಾದೊಡನೆ ಅದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುವುದರಿಂದ ಸಾಧಾರಣ ಮಳೆಗೆ ಅದು ಸೋರುವುದಿಲ್ಲ, ಆದರೆ ನಿಮ್ಮೂರಿನ ಜುಲೈ ತಿಂಗಳಿಗೆ ಅದು ತಡೆಯಲಾರದು.

ಮಂಗಳೂರು ಹೆಂಚು 1865ರಲ್ಲಿ ಕ್ರೈಸ್ತ ಮಿಷನರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್‌ನ ಕಾರ್ಖಾನೆಯಲ್ಲಿ ಆರಂಭವಾದದ್ದು. ಅಂಚುಗಳು ಒಂದರ ತೋಡಿನಲ್ಲೊಂದು ಕೂರುವುದರಿಂದ ನೀರು ಸುಲಭವಾಗಿ ಒಳನುಗ್ಗದು. ಒಡೆದ ಹೆಂಚೊಂದನ್ನೇ ಸರಿಸಿ ಬದಲಾಯಿಸಬಹುದು. ತೊಂದರೆಯಿರುವುದು ಕೆಳಗಿನ ಮರದಲ್ಲಿ. ಪಕಾಸು (ಮಾಡಿನ ಇಳಿಜಾರಿನುದ್ದಕ್ಕೆ ಹಾಕುವ ತೊಲೆ), ರೀಪು (ಅದರ ಮೇಲೆ ಅಡ್ಡಲಾಗಿ ಹೆಂಚು ಕೂರಿಸಲು ಹೊಡೆಯುವ ಪಟ್ಟಿ)ಗಳಿಗೆ ಗೆದ್ದಲು ಹಿಡಿಯುತ್ತದೆ. ಮಂಗಗಳ ಓಡಾಟವಂತೂ (ಇದನ್ನು ಯಾವ ಎಂಜಿನಿಯರೂ ನಕ್ಷೆಯಲ್ಲಿ ತೋರಿಸುವುದಿಲ್ಲ) ಹೆಂಚುಗಳನ್ನು ಕದಲಿಸುತ್ತಲೇ ಇರುತ್ತದೆ.

ತಾರಸಿ ಗಟ್ಟಿ, ಅಡಿಕೆ ಒಣಗಿಸಲೂ ಅನುಕೂಲ. ಆದರೆ ನೀರು ಹರಿಯಲು 100 ಅಡಿಗೆ 1 ಅಡಿಯಷ್ಟಾದರೂ ಇಳಿಜಾರು ಇಲ್ಲದಿದ್ದರೆ ಪಾಚಿಗಟ್ಟಿ, ಒಳಗಿನ ಕಬ್ಬಿಣ ತುಕ್ಕು ಹಿಡಿದು, ಗಾರೆ ಕಳಚತೊಡಗುತ್ತದೆ. ಖರ್ಚು ಹೆಚ್ಚಾದರೂ ತಾರಸಿ ಹಾಕಿಸಿ, ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಹೆಂಚು ಹೊದಿಸುವುದು ನನ್ನ ಆಯ್ಕೆ. ಸೂರು ಗೋಡೆಯಿಂದ ಎರಡೂವರೆ ಅಡಿಯಾದರೂ ಮುಂದೆ ಚಾಚಿರಲಿ.