ಮುಳ್ಳಯ್ಯನಗಿರಿಯಲ್ಲಿ ಜಡಿಮಳೆ, ಹಿರಿಯೂರಲ್ಲಿ ಬರೀ ಗಾಳಿ. ಯಾಕೆ?

ಆಷಾಢದಲ್ಲಿ ಮುಳ್ಳಯ್ಯನಗಿರಿ ಮೇಲೆ ಹವೆ ಹೇಗಿರುತ್ತೆ, ಅಲ್ಲಿ ಅಷ್ಟು ಸುರಿಯೋ ಮಳೆ ಪಕ್ಕದ ಚಿತ್ರದುರ್ಗ ಜಿಲ್ಲೆಗೆ ಯಾಕೆ ಬರಲ್ಲ ಅಂತ ಕೇಳಿದ್ದೀರಿ. ನಾನು ಹಿರಿಯೂರಿನವನು, ಆ ಬೆಟ್ಟಕ್ಕೆ ಮೂರು ಸಲ ಹೋಗಿದ್ದೇನೆ.

ಒಂದು ಜುಲೈಯಲ್ಲಿ ಹೊರಟಾಗ ನಮ್ಮೂರಲ್ಲಿ ಧೂಳು ಗಾಳಿ, ತಂತಿ ಮೇಲೆ ಹಾಕಿದ ಬಟ್ಟೆ ಅರ್ಧ ಗಂಟೆಗೆ ಒಣಗಿತ್ತು. ಮಧ್ಯಾಹ್ನ ಗಿರಿಯ ಮೆಟ್ಟಿಲು ಹತ್ತುವಾಗ ಹತ್ತಡಿ ಮುಂದೆ ಹೋಗುವವರು ಕಾಣುತ್ತಿರಲಿಲ್ಲ. ಮಳೆ ಬಿತ್ತು ಅನ್ನೋ ಹಾಗೂ ಇಲ್ಲ, ಮೋಡವೇ ನಮ್ಮ ಮೈ ಸವರಿಕೊಂಡು ಹೋಗುತ್ತಿತ್ತು. ಹುಬ್ಬಿನ ಮೇಲೆ, ಸ್ವೆಟರಿನ ಉಣ್ಣೆ ಮೇಲೆ ಸಾಸಿವೆ ಕಾಳಿನಷ್ಟು ಹನಿಗಳು. ತುದಿಯಲ್ಲಿರೋ ಮುಳ್ಳಪ್ಪ ಸ್ವಾಮಿ ಗುಡಿಯ ಗೋಡೆಗೆ ಒರಗಿದ ಮೇಲೇ ಗಾಳಿಯ ಹೊಡೆತ ತಪ್ಪಿದ್ದು.

ಚಳಿಗೆ ಮೊದಲ ಕಾರಣ ಎತ್ತರ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಶಿಖರ. ಹಿರಿಯೂರು 600 ಮೀಟರ್ ಆಸುಪಾಸು. ಸಾವಿರ ಮೀಟರ್ ಮೇಲಕ್ಕೆ ಹೋದರೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತೆ, ಅಂದ್ರೆ ಎತ್ತರದಿಂದಲೇ ಎಂಟು ಡಿಗ್ರಿಗೂ ಜಾಸ್ತಿ ವ್ಯತ್ಯಾಸ ಬಂತು. ಒದ್ದೆ ಮೈಗೆ ಗಾಳಿ ಬಡಿದರೆ ಇನ್ನೂ ಕೊರೆಯುತ್ತೆ. ತುದಿಯ ಸುತ್ತ ಬರೀ ಹುಲ್ಲು ಇರುವುದಕ್ಕೂ ಈ ಗಾಳಿ ಒಂದು ಕಾರಣ. ಮರಗಳು ಗಾಳಿ ಮರೆಯಾಗಿರೋ ಕಣಿವೆಯ ಮಡಿಕೆಗಳಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ಅದನ್ನೇ ಶೋಲಾ ಕಾಡು ಅನ್ನುವುದು.

ಈಗ ಮಳೆ ವಿಷಯ. ಅರಬ್ಬೀ ಸಮುದ್ರದಿಂದ ಬರೋ ಒದ್ದೆ ಗಾಳಿ ಪಶ್ಚಿಮ ಘಟ್ಟ ಹತ್ತಬೇಕು, ಆಮೇಲೆ ಮುಳ್ಳಯ್ಯನಗಿರಿ ಇರೋ ಈ ಚಂದ್ರದ್ರೋಣ ಬೆಟ್ಟಸಾಲನ್ನೂ ಹತ್ತಬೇಕು. ಹತ್ತುತ್ತಾ ತಣ್ಣಗಾಗಿ ನೀರನ್ನೆಲ್ಲ ಅಲ್ಲೇ ಸುರಿಸಿಬಿಡುತ್ತೆ. ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ ಒಣಗಿರುತ್ತೆ. ನಮಗೆ ಸಿಗುವುದು ಆ ಒಣ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವುದೂ ಅದೇ. ನಮ್ಮ ಕಡೆ ಮಳೆ ನೋಡಬೇಕಾದ್ರೆ ಉತ್ತರೆ, ಹಸ್ತ, ಚಿತ್ತೆ ಮಳೆ ತನಕ, ಅಂದ್ರೆ ಸೆಪ್ಟೆಂಬರ್–ಅಕ್ಟೋಬರ್ ತನಕ ಕಾಯಬೇಕು.

ಆದರೆ ಆ ಬೆಟ್ಟ ನಮಗೆ ಏನೂ ಕೊಡಲ್ಲ ಅಂತ ತಿಳಿಯಬೇಡಿ. ಅದೇ ಸಾಲಿನ ಪೂರ್ವದ ಇಳಿಜಾರಲ್ಲಿ ವೇದಾ, ಅವತಿ ಅಂತ ಎರಡು ಹೊಳೆ ಹುಟ್ಟಿ, ಕಡೂರಿನ ಹತ್ತಿರ ಸೇರಿ, ವೇದಾವತಿಯಾಗಿ ಹೊಸದುರ್ಗ ದಾಟಿ ಮಾರಿಕಣಿವೆಗೆ ಬರುತ್ತವೆ. ವಾಣಿವಿಲಾಸ ಸಾಗರ ಅಂತ ಮ್ಯಾಪಲ್ಲಿ ಇರುತ್ತಲ್ವಾ, ಅದೇ. ಮೈಸೂರು ಅರಸರ ಕಾಲದಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆ ದಿನ ನಾವು ಮನೆಮಂದಿಯೆಲ್ಲ ಹೋಗಿದ್ದೆವು. ಅಪ್ಪ ಬಗ್ಗಿ ಒಂದು ಬೊಗಸೆ ನೀರು ತಗೊಂಡು ತಲೆಗೆ ಹಚ್ಚಿಕೊಂಡರು.

ನೀವು ಹೋಗುವಾಗ ಕೊಡೆ ಬೇಡ, ಗಾಳಿಗೆ ತಿರುವಿಹಾಕುತ್ತೆ. ರೈನ್‌ಕೋಟು, ಜಾರದ ಚಪ್ಪಲಿ, ಒಂದು ಜೊತೆ ಒಣ ಬಟ್ಟೆ ಇರಲಿ. ದೂರದ ನೋಟ ಬೇಕು ಅಂದ್ರೆ ಮಾತ್ರ ಆಷಾಢ ಬಿಟ್ಟು ನವೆಂಬರ್ ಆದಮೇಲೆ ಹೋಗಿ.