ಹಾಜರಿ ಕೂಗುವ ಫೋನ್

"ಅಮ್ಮನಿಗೆ ಹೊತ್ತು ಹೋಗಬೇಕು, ಯಾವ ಆ್ಯಪ್ ಹಾಕಿಕೊಡಲಿ ಮೇಡಂ?" ವಯಸ್ಸಾದ ಹೆತ್ತವರ ಬಗ್ಗೆ ಸಲಹೆ ಕೇಳಲು ದಾವಣಗೆರೆಯಲ್ಲಿ ನನ್ನ ಹತ್ತಿರ ಬರುವ ಮಕ್ಕಳು ಜಾಸ್ತಿ ಕೇಳುವ ಪ್ರಶ್ನೆ ಇದು. ಅವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಹೆತ್ತವರು ಇಲ್ಲಿ ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಒಬ್ಬರೇ. ಈ ಪ್ರಶ್ನೆಗೆ ನಾನು ಆ್ಯಪ್ ಹೆಸರು ಹೇಳುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಇವರನ್ನು ಟೀಚರ್ ಅನ್ನೋಣ. ಎಪ್ಪತ್ತು ದಾಟಿದ ನಿವೃತ್ತ ಕನ್ನಡ ಶಿಕ್ಷಕಿ. ಯಜಮಾನರು ತೀರಿಕೊಂಡಿದ್ದಾರೆ. ಮಂಡಿನೋವು. ಮಗ ಟ್ಯಾಬ್ ತಂದು ಭಜನೆ, ಯೋಗ, ಲೂಡೋ, ಪದಬಂಧ ಎಲ್ಲಾ ಹಾಕಿ, ಗೋಡೆಗೆ ವೇಳಾಪಟ್ಟಿಯನ್ನೂ ಅಂಟಿಸಿ ಹೋಗಿದ್ದ. ಕೆಲವು ತಿಂಗಳಲ್ಲಿ ಟೀಚರ್ ಫೋನ್ ಎತ್ತುವುದನ್ನೇ ಬಿಟ್ಟರು. ಮರೆವಿನ ಕಾಯಿಲೆ ಇರಬಹುದಾ ಅಂತ ಮಗನಿಗೆ ಭಯ.

ಮೊದಲು ಕಿವಿ, ಕಣ್ಣು ತೋರಿಸಿಕೊಂಡು ಬನ್ನಿ ಅಂದೆ. ಹಿರಿಯರು ಫೋನ್ ತಪ್ಪಿಸುತ್ತಿದ್ದರೆ ಎಷ್ಟೋ ಸಲ ಮಾತು ಸರಿಯಾಗಿ ಕೇಳಿಸುತ್ತಿರುವುದಿಲ್ಲ, ನಾಚಿಕೆಗೆ ಹೇಳುವುದಿಲ್ಲ. ಇವರಿಗೆ ಅಂಥ ತೊಂದರೆ ಇರಲಿಲ್ಲ. ನೆನಪು ಚೆನ್ನಾಗಿದೆ ಅಂತ ವೈದ್ಯರು ಹೇಳಿದರು. ಖಿನ್ನತೆ ತಿಳಿಯಲು ಹಿರಿಯರಿಗೆಂದೇ ಇರುವ 15 ಪ್ರಶ್ನೆಗಳಲ್ಲೂ ಗಾಬರಿಪಡುವಂಥದ್ದು ಸಿಗಲಿಲ್ಲ.

ಮುಂದಿನ ಭೇಟಿಗೆ ತಾಯಿ, ಮಗ ಇಬ್ಬರನ್ನೂ ಕೂರಿಸಿಕೊಂಡೆ. ಏನೇನು ಮಾಡಿಕೊಟ್ಟಿದ್ದೇನೆ ಅಂತ ಮಗ ಹೇಳುತ್ತಾ ಹೋದ. ಟೀಚರ್ ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮ, ಇವನು ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡ್ತಾನೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಬಿಪಿ ಎಷ್ಟಿತ್ತು, ಯೋಗ ಮಾಡಿದ್ಯಾ. ನಾನು ಮೂವತ್ತು ವರ್ಷ ಹಾಜರಿ ಕೂಗಿದವಳು. ಈಗ ಇವನು ಕೂಗ್ತಾನೆ, ನಾನು ಎಸ್ ಸಾರ್ ಅನ್ನಬೇಕು. ಹಾಜರಿ ಆದ್ಮೇಲೆ ಪಾಠ ಇರಬೇಕಲ್ವಾ?"

"ಅದಕ್ಕೇ ಅಲ್ವಾ ಅಮ್ಮ, ಅಷ್ಟೆಲ್ಲ ಹಾಕಿಕೊಟ್ಟಿದ್ದು?"

"ಲೂಡೋದಲ್ಲಿ ನಾನು ಸುಮ್ನೆ ಕೂತ್ರೂ ನನ್ನ ಕಾಯಿ ಅದೇ ನಡೆಸುತ್ತೆ. ಮತ್ತೆ ನಾನ್ಯಾಕೆ?"

ಮಗ ಮಾತಾಡಲಿಲ್ಲ. ಮೊಮ್ಮಗ ಕನ್ನಡ ಓದುತ್ತಾನಾ ಅಂತ ನಾನು ಕೇಳಿದೆ. ಮಾತಾಡ್ತಾನೆ, ಓದೋಕೆ ಬರಲ್ಲ ಅಂದ ಮಗ. ಟೀಚರ್ ಕುರ್ಚಿ ತಿರುಗಿಸಿಕೊಂಡು ಅವನನ್ನೇ ನೋಡಿದರು. "ಕಾಗುಣಿತನೂ ಬರಲ್ವಾ?" ಆಮೇಲೆ ಹತ್ತು ನಿಮಿಷ ಮಗನಿಗೆ ಸರಿಯಾಗಿ ಬೈದರು. ನಾನು ತಡೆಯಲಿಲ್ಲ.

ವೇಳಾಪಟ್ಟಿ ಕಿತ್ತುಹಾಕಿ ಅಂದೆ. ವಾರಕ್ಕೆ ಮೂರು ಸಂಜೆ, ಗೊತ್ತಾದ ಹೊತ್ತಿಗೆ, ವಿಡಿಯೋ ಕಾಲ್‌ನಲ್ಲಿ ಮೊಮ್ಮಗನಿಗೆ ಪಾಠ. ಬರೆದ ಪುಟದ ಫೋಟೋ ಅವನು ವಾಟ್ಸಾಪ್‌ನಲ್ಲಿ ಕಳಿಸಬೇಕು, ಇವರು ತಿದ್ದಬೇಕು. ಉಳಿದ ದಿನ ಕನ್ನಡ ವಿಕಿಸೋರ್ಸ್, ಅಂದರೆ ಯಾರು ಬೇಕಾದರೂ ಓದಿ ತಿದ್ದಬಹುದಾದ ಆನ್‌ಲೈನ್ ಗ್ರಂಥಾಲಯ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳ ಸ್ಕ್ಯಾನ್ ಪುಟ ಅಲ್ಲಿ ಇರುತ್ತದೆ. ಪಕ್ಕದಲ್ಲಿ ಕಂಪ್ಯೂಟರ್ ಓದಿಕೊಂಡ ಅಕ್ಷರ. ಒತ್ತಕ್ಷರದಲ್ಲಿ ಅದು ಎಡವುತ್ತದೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಟೀಚರಿಗೆ ಬೇಕಾಗಿದ್ದೇ ಇಂಥ ಕೆಲಸ. ಇನ್ನು ಮಗನಿಗೆ ಹೇಳಿದ್ದು ಇಷ್ಟೇ: ಬಿಪಿ ಕೇಳು, ಆದರೆ ಅದಕ್ಕೆ ಮೊದಲು ನಿನಗೆ ಗೊತ್ತಿಲ್ಲದ್ದು ಏನಾದರೂ ಕೇಳು.

ಈ ವಯಸ್ಸಲ್ಲಿ ಅಮ್ಮನಿಗೆ ಕೆಲಸ ಹಚ್ಚಿದಿರಲ್ಲ ಅಂತ ಟೀಚರ್ ಮಗಳು ನನ್ನ ಮೇಲೆ ಸಿಟ್ಟಾದರು. ಹೌದು, ಬೇಕಂತಲೇ ಹಚ್ಚಿದೆ. ಹಿರಿಯರನ್ನು ಪ್ರೇಕ್ಷಕರಾಗಿ ಕೂರಿಸಿದರೆ ಟಿವಿ ಆದರೇನು, ಟ್ಯಾಬ್ ಆದರೇನು. ತಾನು ಬರದಿದ್ದರೆ ಯಾರಿಗೋ ತೊಂದರೆ ಆಗುತ್ತದೆ ಅನ್ನುವಂಥದ್ದು ದಿನದಲ್ಲಿ ಒಂದಾದರೂ ಇರಬೇಕು. ಸ್ಕ್ರೀನ್ ಬಿಡಿ, ಪಾರ್ಕಿಗೆ ಕಳಿಸಿ ಅನ್ನುವವರೂ ಇದ್ದಾರೆ. ಕಳಿಸಿ, ಬೇಡ ಅಂದವರಾರು? ಮಂಡಿ ಹಿಡಿದುಕೊಂಡವರು ಏಪ್ರಿಲ್ ಬಿಸಿಲಲ್ಲಿ ನಮ್ಮೂರ ರಸ್ತೆ ದಾಟುವುದನ್ನು ಅವರು ನೋಡಿಲ್ಲ ಅನ್ಸುತ್ತೆ.

ಹಣದ ಭಯ ಮಾತ್ರ ನಿಜ. ದೊಡ್ಡ ಮೊತ್ತ ಇರುವ ಖಾತೆಯನ್ನು ಆ ಫೋನಿಗೆ ಜೋಡಿಸಬೇಡಿ. ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅಂದರೆ ಕಟ್ ಮಾಡಿ, ಅಂಥದ್ದು ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಿರಿಯರ ಬೇರೆ ತೊಂದರೆಗಳಿಗೆ ಸಹಾಯವಾಣಿ 14567 ಇದೆ. ಎರಡೂ ನಂಬರ್ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರವೇ ಇಡಿ.

ಪರೀಕ್ಷೆ ಸಮಯದಲ್ಲಿ ಮೊಮ್ಮಗನ ಪಾಠ ನಿಂತಿತು. ಟೀಚರ್ ಮತ್ತೆ ಮಂಕಾದರು. ಈಗ ರಜೆ ಯಾವಾಗ, ಪಾಠ ಮತ್ತೆ ಯಾವ ತಾರೀಕಿಗೆ ಶುರು ಅನ್ನುವುದನ್ನು ಅಜ್ಜಿ, ಮೊಮ್ಮಗ ಇಬ್ಬರೇ ಕೂತು ಗೊತ್ತು ಮಾಡುತ್ತಾರೆ. ಮಗ ಅದರಲ್ಲಿ ಬಾಯಿ ಹಾಕುವ ಹಾಗಿಲ್ಲ.